ಬಳಿಯದೆ ಬಿಟ್ಟ ಗೋಧಿ ತೆನೆ

ಲ್ಯಾವರ್ನ್ ಸ್ಕೋಗ್ಲಂಡ್ ತನ್ನ ಅರವತ್ತೊಂದು ವರ್ಷದ ಬಾಳಿನಲ್ಲಿ ಒಂದೇ ಒಂದು ಸಲ "ಈಗ ನಾನು ಏನೂ ಹೇಳೋ ಹಾಗಿಲ್ಲ" ಎಂದ. ಆ ಮಾತು ಬಾಯಿಂದ ಹೊರಬಿದ್ದ ಮೂರು ದಿನದೊಳಗೆ ಎಂಟು ಕಾಲೇಜುಗಳ ಅಧ್ಯಕ್ಷರ ನಿದ್ದೆ ಕೆಟ್ಟಿತು, ಬಿತ್ತನೆ ಬೀಜ ಮಾರುವ ಒಬ್ಬ ಬಡಪಾಯಿಗೆ ವಿಮಾನ ನಿಲ್ದಾಣದಲ್ಲಿ ಬ್ಯಾಂಡಿನ ಸ್ವಾಗತ ಸಿಕ್ಕಿತು. ಮಾತು ಕಡಿಮೆ ಆಡುವ ಮನುಷ್ಯ ಎಷ್ಟು ಅಪಾಯಕಾರಿ ಎಂಬುದನ್ನು ಲೋಕ ಇನ್ನೂ ಸರಿಯಾಗಿ ಅಳೆದು ನೋಡಿಲ್ಲ.

ಲ್ಯಾವರ್ನ್ ನೆಬ್ರಾಸ್ಕಾದ ಹೋಲ್ಡನ್ ಫೋರ್ಕ್ ಕಾಲೇಜಿನ ಫುಟ್‌ಬಾಲ್ ಮೈದಾನ ನೋಡಿಕೊಳ್ಳುವವನು. ಮೂವತ್ತೊಂದು ವರ್ಷದಿಂದ ಆ ನೂರು ಗಜದ ಹುಲ್ಲಿಗೆ ನೀರು ಬಿಡುವವನು, ಕತ್ತರಿಸುವವನು, ಬಿಳಿ ಗೆರೆ ಎಳೆಯುವವನು ಅವನೇ. ಕಾಲೇಜಿನ ತಂಡದ ಹೆಸರು ಕೊಕ್ಕರೆಗಳು. ಕೊಕ್ಕರೆಗಳು ಗೆದ್ದದ್ದು ಸೋತದ್ದು ಅವನಿಗೆ ಅಷ್ಟಾಗಿ ನೆನಪಿರುವುದಿಲ್ಲ. ಯಾವ ಆಟದಲ್ಲಿ ಯಾವ ಮೂಲೆಯ ಹುಲ್ಲು ಎಷ್ಟು ಕಿತ್ತುಹೋಯಿತು ಎಂಬುದು ಮಾತ್ರ ಇಸವಿ ಸಮೇತ ಬಾಯಲ್ಲಿರುತ್ತದೆ.

ಕಾಲೇಜು ಪ್ರೇರಿ ಕೂಟಕ್ಕೆ ಸೇರಿತ್ತು. ಸುತ್ತಮುತ್ತಲಿನ ಎಂಟು ಸಣ್ಣ ಕಾಲೇಜುಗಳು ತಮ್ಮತಮ್ಮಲ್ಲೇ ಆಡಿಕೊಳ್ಳಲು ಕಟ್ಟಿಕೊಂಡ ಕೂಟ ಅದು. ಅದರ ಗುರುತು ಒಂದು ಗೋಧಿ ತೆನೆ. ಪ್ರತಿ ವರ್ಷ ಮೊದಲ ಆಟಕ್ಕೆ ಮುಂಚೆ ಆ ತೆನೆಯನ್ನು ಮೈದಾನದ ಎರಡು ಕಡೆ ಹಳದಿ ಬಣ್ಣದಲ್ಲಿ ಬಳಿಯಬೇಕೆಂಬುದು ನಿಯಮ. ಬಳಿಯಲು ತೆನೆಯಾಕಾರಕ್ಕೆ ಕತ್ತರಿಸಿದ, ಹನ್ನೆರಡು ಅಡಿ ಉದ್ದದ ಪ್ಲಾಸ್ಟಿಕ್ ಹಾಳೆಯೊಂದಿತ್ತು. ಅದನ್ನು ಹುಲ್ಲಿನ ಮೇಲೆ ಹಾಸಿ ಬಣ್ಣ ಸಿಂಪಡಿಸಿದರೆ ಮುಗಿಯಿತು.

ಆಗಸ್ಟ್ ಕೊನೆಯ ವಾರ ಲ್ಯಾವರ್ನ್ ಆ ಹಾಳೆಯನ್ನು ಮನೆಗೆ ತಂದು, ಹಳೆಯ ಬಣ್ಣ ಉಜ್ಜಿ ತೊಳೆದು, ಒಣಗಲೆಂದು ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟ. ತಪ್ಪಾದದ್ದು ಅಲ್ಲೇ. ಅವನ ಹೆಂಡತಿ ಆರ್ಡಿಸ್ ಇಪ್ಪತ್ತಾರು ವರ್ಷದಿಂದ ಲುಥರನ್ ಚರ್ಚಿನ ಖಜಾಂಚಿ. ವರ್ಷಕ್ಕೊಮ್ಮೆ ನಡೆಯುವ ಹಳೆ ಸಾಮಾನಿನ ಮಾರಾಟವೂ ಅವಳದೇ ಉಸ್ತುವಾರಿ. ಆ ಮನೆಯಲ್ಲಿ ಆಗಸ್ಟ್ ತಿಂಗಳಲ್ಲಿ ಗ್ಯಾರೇಜಿನ ಗೋಡೆಗೆ ಒರಗಿಸಿದ್ದೆಲ್ಲ ಚರ್ಚಿನ ಮಾರಾಟಕ್ಕೆ ಎಂಬುದು ಇಬ್ಬರೂ ಒಪ್ಪಿಕೊಂಡ ಕಾನೂನು. ಆ ಕಾನೂನು ಮಾಡಿದವನೂ ಲ್ಯಾವರ್ನೇ.

ಸೋಮವಾರ ಬೆಳಿಗ್ಗೆ ಗೋಡೆ ಖಾಲಿ ಇತ್ತು.

"ಆರ್ಡಿಸ್, ಇಲ್ಲಿದ್ದ ಹಾಳೆ ಎಲ್ಲಿ?"

"ತೂತು ಬಿದ್ದ ಪ್ಲಾಸ್ಟಿಕ್ಕಾ? ಮಿನೆಸೋಟಕ್ಕೆ ಮೀನು ಹಿಡಿಯೋಕೆ ಹೊರಟಿದ್ದವನೊಬ್ಬ ದೋಣಿಗೆ ಹೊದಿಸ್ತೀನಿ ಅಂತ ತಗೊಂಡ. ಎಂಟು ಡಾಲರ್ ಹೇಳಿದ್ದೆ. ತೂತಿದೆ ಅಂತ ಚೌಕಾಸಿ ಮಾಡಿ ನಾಲ್ಕು ಕೊಟ್ಟ."

"ಅದು ತೂತಲ್ಲ ಕಣೇ! ಗೋಧಿ ತೆನೆ!"

"ತೆನೆ ಅಂತ ಮೊದಲೇ ಹೇಳಿದ್ರೆ ಆರಕ್ಕೆ ಕಮ್ಮಿ ಬಿಡ್ತಿರಲಿಲ್ಲ," ಎಂದಳು ಆರ್ಡಿಸ್.

ಹೊಸ ಹಾಳೆಗೆ ಫೋನ್ ಮಾಡಿದರೆ ಮೂರು ವಾರ ಎಂದರು. ಮೊದಲ ಆಟಕ್ಕೆ ಇದ್ದದ್ದು ಹನ್ನೆರಡು ದಿನ. ಕಾಲೇಜಿನ ಆಸ್ತಿಯನ್ನು ತನ್ನ ಹೆಂಡತಿ ದೇವರ ಹೆಸರಿನಲ್ಲಿ ಮಾರಿದಳೆಂದು ಯಾರಿಗೆ ಹೇಳುವುದು? ಲ್ಯಾವರ್ನ್ ಗಡಿಗೆರೆ ಎಳೆದ, ಅಂಕಿ ಬರೆದ, ನಡುಮಧ್ಯೆ ದೊಡ್ಡ ಕೊಕ್ಕರೆಯನ್ನೂ ಬಿಡಿಸಿದ. ತೆನೆ ಇರಬೇಕಾದ ಎರಡು ಜಾಗವನ್ನು ಬರೀ ಹುಲ್ಲಾಗಿ ಬಿಟ್ಟ. ಹುಲ್ಲು ತಾನೇ, ಯಾರು ನೋಡುತ್ತಾರೆ ಎಂದುಕೊಂಡ.

ಆ ಬೇಸಿಗೆಯಲ್ಲಲ್ಲದೆ ಬೇರೆ ಯಾವ ವರ್ಷದಲ್ಲಾದರೂ ಯಾರೂ ನೋಡುತ್ತಿರಲಿಲ್ಲವೋ ಏನೋ. ಆದರೆ ಆ ಬೇಸಿಗೆಯಲ್ಲಿ ದೇಶದ ಕಾಲೇಜುಗಳೆಲ್ಲ ಟಿವಿ ದುಡ್ಡಿನ ಹಿಂದೆ ಒಂದು ಕೂಟದಿಂದ ಇನ್ನೊಂದು ಕೂಟಕ್ಕೆ ಜಿಗಿಯುತ್ತಿದ್ದವು. ಕಡಲ ತೀರದ ಕಾಲೇಜು ಮರುಭೂಮಿಯ ಕೂಟ ಸೇರಿತ್ತು. ಹತ್ತು ಕಾಲೇಜುಗಳೆಂದು ಹೆಸರಿಟ್ಟುಕೊಂಡ ಕೂಟದಲ್ಲಿ ಹದಿನೆಂಟು ಕಾಲೇಜುಗಳಿದ್ದವು. ನಿನ್ನೆ ರಾತ್ರಿ ತಬ್ಬಿಕೊಂಡು ಪ್ರಮಾಣ ಮಾಡಿದವರು ಬೆಳಿಗ್ಗೆ ಕಾಫಿಗೆ ಬೇರೆ ಮನೆಯಲ್ಲಿರುತ್ತಿದ್ದರು. ಹೀಗಾಗಿ ಅಭಿಮಾನಿಗಳೆಲ್ಲ ಪತ್ತೇದಾರರಾಗಿದ್ದರು. ಯಾವ ವಿಮಾನ ಎಲ್ಲಿ ಇಳಿಯಿತು, ಯಾವ ಕಾಲೇಜಿನ ಯಾವ ಬೋರ್ಡು ಕೆಳಗಿಳಿಯಿತು ಎಂದು ನೋಡುವುದೇ ಅವರ ಕಸುಬಾಗಿತ್ತು.

ಹೋಲ್ಡನ್ ಫೋರ್ಕಿನ ಪತ್ತೇದಾರರಲ್ಲಿ ದೊಡ್ಡವನು ಔಷಧಿ ಅಂಗಡಿಯ ಡುವೇನ್ ಪ್ಲಾಟ್ನರ್. ಕೊಕ್ಕರೆಗಳ ಅಭಿಮಾನಿಗಳಿಗೆಂದು ಜಾಲತಾಣವೊಂದನ್ನು ನಡೆಸುತ್ತಿದ್ದ. ಮಂಗಳವಾರ ಸಂಜೆ ತನ್ನ ಮಹಡಿಯಿಂದ ದುರ್ಬೀನು ಹಿಡಿದು ಮೈದಾನ ನೋಡಿದವನು ಹಾಗೇ ಕುರ್ಚಿಯಲ್ಲಿ ಕುಸಿದು ಕೂತನಂತೆ. ಬುಧವಾರ ಬೆಳಿಗ್ಗೆ ವ್ಲಾಸ್ಟಾಳ ಹೋಟೆಲಿನಲ್ಲಿ ಲ್ಯಾವರ್ನ್ ಏಪ್ರಿಕಾಟ್ ಹಣ್ಣು ತುಂಬಿದ ಕೊಲಾಚಿ ಬನ್ನನ್ನು ಬಾಯಿಗಿಡುವಷ್ಟರಲ್ಲಿ ಎದುರಿಗೆ ಬಂದು ನಿಂತ.

"ಏನ್ ಮಾರಾಯ, ತೆನೆ ಇಲ್ವಲ್ಲ ಈ ಸಲ?"

ಹೋಟೆಲಿನಲ್ಲಿದ್ದ ಹದಿನಾಲ್ಕು ಜನರೂ ಲೋಟ ಕೆಳಗಿಟ್ಟರು. ಲ್ಯಾವರ್ನನಿಗೆ ಒಂದು ಕಡೆ ಆರ್ಡಿಸಳ ಮರ್ಯಾದೆ, ಇನ್ನೊಂದು ಕಡೆ ತನ್ನ ಕೆಲಸ. ಜೊತೆಗೆ, ನಿಜ ಹೇಳಬೇಕೆಂದರೆ, ಮೂವತ್ತೊಂದು ವರ್ಷದಲ್ಲಿ ಆ ಹೋಟೆಲಿನಲ್ಲಿ ಯಾರೂ ಅವನ ಉತ್ತರಕ್ಕಾಗಿ ಲೋಟ ಕೆಳಗಿಟ್ಟಿರಲಿಲ್ಲ. ಕೊಲಾಚಿ ನುಂಗಿಕೊಂಡು, ಟಿವಿಯಲ್ಲಿ ದೊಡ್ಡ ಮನುಷ್ಯರು ಹೇಳುವ ಹಾಗೆ ಗಂಭೀರವಾಗಿ ಹೇಳಿದ:

"ಈಗ ನಾನು ಏನೂ ಹೇಳೋ ಹಾಗಿಲ್ಲ."

"ದೇವರೇ!" ಎಂದಳು ವ್ಲಾಸ್ಟಾ, ಕಾಫಿ ಪಾತ್ರೆ ಎದೆಗವಚಿಕೊಂಡು.

"ಗ್ರ್ಯಾಂಡ್ ಕೂಟ!" ಎಂದ ಡುವೇನ್. "ಪ್ರೇರಿ ಕೂಟ ಬಿಟ್ಟು ನಾವು ಆ ದೊಡ್ಡ ಗ್ರ್ಯಾಂಡ್ ಕೂಟಕ್ಕೆ ಹೋಗ್ತಿದ್ದೀವಿ! ವರ್ಷಕ್ಕೆ ಇಪ್ಪತ್ತು ಲಕ್ಷ ಡಾಲರ್ ಟಿವಿ ದುಡ್ಡು! ಅಲ್ವೇನೋ? ಬಾಯಿ ಬಿಡಬೇಡ. ತಲೆನೂ ಅಲ್ಲಾಡಿಸಬೇಡ. ಕಣ್ಣಲ್ಲೇ ಗೊತ್ತಾಯ್ತು."

ಕಣ್ಣಲ್ಲಿ ಕಂಡದ್ದು ಏಪ್ರಿಕಾಟ್ ಹಣ್ಣಿನ ಚೂರು ಗಂಟಲಿಗೆ ಸಿಕ್ಕಿದ್ದರ ನೀರು. ವ್ಲಾಸ್ಟಾ ಅವತ್ತು ಅವನಿಂದ ದುಡ್ಡು ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಖಾಲಿ ಹುಲ್ಲಿನ ಚಿತ್ರ ಜಾಲತಾಣದಲ್ಲಿತ್ತು, ಸಂಜೆಗೆ ಒಮಾಹಾದ ಪತ್ರಿಕೆಯಲ್ಲಿತ್ತು. ಗುರುವಾರ ಬೆಳಿಗ್ಗೆ ಊರಾಚೆಯ ಪುಟ್ಟ ನಿಲ್ದಾಣದಲ್ಲಿ ಒಂದು ಸಣ್ಣ ವಿಮಾನ ಇಳಿದದ್ದೇ ತಡ, ಡುವೇನ್ ಕಾಲೇಜಿನ ಬ್ಯಾಂಡನ್ನು ಕರೆದುಕೊಂಡು ಓಡಿದ. ಕೆಳಗಿಳಿದವನು ಜೋಳದ ಬೀಜದ ವ್ಯಾಪಾರಿ. "ನಾನು ಬೀಜ ಮಾರೋನು ಸ್ವಾಮಿ" ಎಂದು ಎಷ್ಟು ಹೇಳಿದರೂ ಜನ ಒಬ್ಬರನ್ನೊಬ್ಬರು ನೋಡಿ ಕಣ್ಣು ಮಿಟುಕಿಸಿದರು. ಮೇಯರ್ ಕೈ ಕುಲುಕಿ, "ಬೀಜ ತಾನೇ? ನಮ್ಮ ಮಣ್ಣು ಚೆನ್ನಾಗಿದೆ, ಧಾರಾಳವಾಗಿ ಬಿತ್ತಿ" ಎಂದರು. ಅವನು ಒಂದು ಗಂಟೆಯಲ್ಲಿ ವರ್ಷದ ವ್ಯಾಪಾರವೆಲ್ಲ ಮುಗಿಸಿಕೊಂಡು, ಏನಾಯಿತೆಂದು ತಿಳಿಯದೆ ಹಾರಿಹೋದ.

ಕಾಲೇಜಿನೊಳಗಿನ ಪರಿಸ್ಥಿತಿ ಇದಕ್ಕಿಂತ ವಿಚಿತ್ರವಾಗಿತ್ತು. ಅಧ್ಯಕ್ಷೆ ವಿನಿಫ್ರೆಡ್ ಓಕ್ಸ್‌ಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಕ್ರೀಡಾ ನಿರ್ದೇಶಕ ಕೆಂಟ್ ವ್ಯಾಂಡರ್‌ಹೂಫ್ ಗುಟ್ಟಾಗಿ ಮಾತುಕತೆ ಮುಗಿಸಿದ್ದಾನೆ ಎಂದುಕೊಂಡಳು. ಕೆಂಟ್‌ಗೂ ಗೊತ್ತಿರಲಿಲ್ಲ, ಅಧ್ಯಕ್ಷೆಯೇ ಮುಗಿಸಿದ್ದಾಳೆ ಎಂದುಕೊಂಡ. ನನಗೆ ಗೊತ್ತಿಲ್ಲ ಎಂದು ಹೇಳಲು ಇಬ್ಬರಿಗೂ ಮರ್ಯಾದೆ ಅಡ್ಡ ಬಂತು. ಮೊಗಸಾಲೆಯಲ್ಲಿ ಎದುರಾದಾಗ ನಡೆದ ಮಾತು ಇಷ್ಟೇ:

"ಒಳ್ಳೆ ಕೆಲಸ ಆಯ್ತು, ಕೆಂಟ್."

"ನಿಮ್ಮ ಧೈರ್ಯ ಮೆಚ್ಚಬೇಕು, ಮೇಡಂ."

"ಯಾವಾಗ ಹೇಳೋಣ ಅಂತೀರಿ?"

"ನೀವು ಯಾವಾಗ ಅಂದ್ರೆ ಆವಾಗ."

"ನಾಳೆ?"

"ನಾನೂ ಅದನ್ನೇ ಅಂದುಕೊಂಡಿದ್ದೆ!"

ಹೀಗೆ ಏನು ಪ್ರಕಟಿಸಬೇಕೆಂದು ಯಾರಿಗೂ ಗೊತ್ತಿಲ್ಲದ ಪ್ರಕಟಣೆಗೆ ಶುಕ್ರವಾರ ಮೂರು ಗಂಟೆ ಎಂದು ಮುಹೂರ್ತ ನಿಂತಿತು. ಅತ್ತ ಗ್ರ್ಯಾಂಡ್ ಕೂಟದವರು ಪತ್ರಿಕೆ ಓದಿ, ತಮ್ಮವರೇ ಯಾರೋ ಈ ಕಾಲೇಜಿನೊಂದಿಗೆ ಮಾತಾಡಿರಬೇಕು, ಸುಮ್ಮನಿದ್ದರೆ ಬೇರೆ ಕೂಟದವರು ಹಾರಿಸಿಕೊಂಡು ಹೋದಾರು ಎಂದು ಹೆದರಿ, ತಮ್ಮ ಟಿವಿ ಕಂಪನಿಯ ಮನುಷ್ಯನನ್ನು ಜಾಗ ನೋಡಿ ಬರಲು ಅಟ್ಟಿದರು.

ಇಷ್ಟೆಲ್ಲ ಕಿವಿಗೆ ಬಿದ್ದ ಮೇಲೆ ಲ್ಯಾವರ್ನ್ ಗುರುವಾರ ಮಧ್ಯಾಹ್ನ ಟೋಪಿ ಕೈಯಲ್ಲಿ ಹಿಡಿದು ಕೆಂಟ್‌ನ ಕೋಣೆಗೆ ಹೋದ.

"ಸಾರ್, ಅದು ತೆನೆ ವಿಷಯ. ಹಾಳೆ ಕಳೆದುಹೋಯ್ತು. ನಮ್ಮನೆಯವಳು ಚರ್ಚಿನ ಮಾರಾಟದಲ್ಲಿ ನಾಲ್ಕು ಡಾಲರಿಗೆ ಕೊಟ್ಬಿಟ್ಳು. ಮೀನು ಹಿಡಿಯೋನಿಗೆ."

ಕೆಂಟ್ ಎದ್ದು ಬಂದು ಬಾಗಿಲು ಹಾಕಿ, ಅವನ ಎರಡೂ ಭುಜ ಹಿಡಿದ.

"ಅದ್ಭುತ. ಯಾರೇ ಕೇಳಲಿ, ಇದನ್ನೇ ಹೇಳು. ಮೀನು ಹಿಡಿಯೋನು ಅಂದೆಯಲ್ಲ, ಅದಂತೂ ಯಾರಿಗೂ ಹೊಳೀತಿರಲಿಲ್ಲ! ಎಷ್ಟು ಸಹಜವಾಗಿದೆ!"

"ಸಾರ್, ನಿಜವಾಗ್ಲೂ..."

"ಹಾಂ, ಹಾಂ, ಅದೇ ಮುಖ. ಆ ಮುಖ ಬದಲಾಯಿಸಬೇಡ." ಕೆಂಟ್ ದನಿ ತಗ್ಗಿಸಿದ. "ನಿನ್ನ ನಿಯತ್ತನ್ನ ನಾವು ಮರೆಯಲ್ಲ ಲ್ಯಾವರ್ನ್. ಗ್ರ್ಯಾಂಡ್ ಕೂಟದಲ್ಲಿ ಮಂಗಳವಾರ ರಾತ್ರಿ ಒಂಬತ್ತೂವರೆಗೆ ಆಟ. ಟಿವಿಗೆ ಎಲ್ಲಾ ಕಾಲದಲ್ಲೂ ಹಸಿರು ಕಾಣಬೇಕಂತೆ. ಹುಲ್ಲೆಲ್ಲ ಅಗೆದುಹಾಕಿ ಪ್ಲಾಸ್ಟಿಕ್ ಹಾಸ್ತೀವಿ. ನಿನಗೆ ಇನ್ನು ಆರಾಮ. ವಾರಕ್ಕೊಂದು ಸಲ ವ್ಯಾಕ್ಯೂಮ್ ಮಷೀನಿನಲ್ಲಿ ಗುಡಿಸಿದ್ರೆ ಆಯ್ತು!"

ಲ್ಯಾವರ್ನ್ ಹೊರಗೆ ಬಂದದ್ದು ಅವನಿಗೇ ಗೊತ್ತಾಗಲಿಲ್ಲ. ಮೈದಾನದ ಅಂಚಿನಲ್ಲಿ ಬಹಳ ಹೊತ್ತು ನಿಂತ. ಆಮೇಲೆ ಅಭ್ಯಾಸಬಲದಿಂದ ನೀರಿನ ನಲ್ಲಿ ತಿರುಗಿಸಿದ.

ಮನೆಗೆ ಬಂದು ಹೇಳಿದರೆ ಆರ್ಡಿಸ್ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಿಜ ಹೇಳಿದೆ, ನಂಬಲಿಲ್ಲ ಅಂತೀಯಲ್ಲ. ಹೇಗೆ ನಂಬ್ತಾರೆ? ಬಾಗಿಲು ಹಾಕಿಸ್ಕೊಂಡು ಕಿವಿಯಲ್ಲಿ ಹೇಳಿದ್ದನ್ನ ಯಾರು ನಂಬ್ತಾರೆ? ನಿಜ ಅನ್ನೋದನ್ನ ನಾಲ್ಕು ಜನರ ಮಧ್ಯೆ ಕೂಗಿ ಹೇಳಬೇಕು."

"ಕೂಗಿದ್ರೆ ನಿನ್ನ ಹೆಸರು ಬರುತ್ತೆ ಕಣೇ. ಚರ್ಚಿನಲ್ಲಿ ಏನಂತಾರೆ?"

"ಏನಂತಾರೆ? ಎಂಟು ಕೇಳಿ ನಾಲ್ಕಕ್ಕೆ ಕೊಟ್ಟಳಲ್ಲ ಅಂತಾರೆ. ಅದೊಂದು ಮಾತ್ರ ನನಗೂ ಸಂಕಟ."

ಶುಕ್ರವಾರ ಮೂರು ಗಂಟೆಗೆ ಮೈದಾನದ ಸುತ್ತ ನಾಲ್ಕು ಸಾವಿರ ಜನ ಸೇರಿದ್ದರು. ಆ ಊರಿನಲ್ಲಿ ಇರುವುದೇ ಆರು ಸಾವಿರ. ಅಂಗಡಿಗಳಿಗೆ ಬೀಗ, ಹಲ್ಲಿನ ಡಾಕ್ಟರು ಬಂದಿದ್ದರು, ಅವರ ಜೊತೆ ಅರ್ಧ ಹಲ್ಲು ತುಂಬಿಸಿಕೊಂಡ ರೋಗಿಯೂ ಬಂದಿದ್ದ. ಇಪ್ಪತ್ತೆರಡು ಮೈಲಿಯಾಚೆಯ ಸೇಂಟ್ ವೆನ್ಸೆಸ್ಲಾಸ್ ಕಾಲೇಜಿನವರು ಮೂರು ಬಸ್ಸುಗಳಲ್ಲಿ ಬಂದಿದ್ದರು. ಅವರು ಪರಮ ವೈರಿಗಳು. ತೊಂಬತ್ತು ವರ್ಷದಿಂದ ಪ್ರತಿ ಅಕ್ಟೋಬರಿನಲ್ಲಿ ಕೊಕ್ಕರೆಗಳ ಜೊತೆ ಕಾದಾಡಿದವರು. ವೈರಿ ಹೊರಟುಹೋಗುತ್ತಾನೆಂದು ಕೇಳಿ ಕೆಲವರ ಕಣ್ಣು ಕೆಂಪಾಗಿತ್ತು. "ಹೋಗ್ತೀರೇನೋ ದ್ರೋಹಿಗಳಾ! ನಾವಿನ್ನು ಯಾರನ್ನ ಬೈಯೋದು?" ಎಂದು ಒಬ್ಬ ಮುದುಕ ಬೇಲಿಯಾಚೆಯಿಂದ ಕೂಗುತ್ತಿದ್ದ.

ಮೈದಾನದ ಅಂಚಿನಲ್ಲಿ ಅಧ್ಯಕ್ಷೆ, ಕೆಂಟ್ ಮತ್ತು ಪ್ರೇರಿ ಕೂಟದ ಕಮಿಷನರ್ ಥೆಲ್ಮಾ ಕ್ರಾಟ್ಕಿ ನಿಂತಿದ್ದರು. ಥೆಲ್ಮಾ ಕೂಟದ ಕಚೇರಿಯನ್ನು ಒಂದು ವಿಮಾ ಏಜೆಂಟನ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ನಡೆಸುತ್ತಿದ್ದ ಹೆಂಗಸು. ಒಂದು ಕಾಲೇಜು ಬಿಟ್ಟರೆ ಉಳಿದವರೂ ಚದುರುತ್ತಾರೆ, ಕೂಟ ಕ್ರಿಸ್ಮಸ್ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪಕ್ಕದಲ್ಲಿ ಟಿವಿ ಕಂಪನಿಯ ಪ್ರೆಸ್ಕಾಟ್, ಕಂಕುಳಲ್ಲಿ ನಕ್ಷೆ, ಕೈಯಲ್ಲಿ ಉದ್ದದ ಕಬ್ಬಿಣದ ಸರಳು, ಕಾಲಲ್ಲಿ ಹಾಲಿನಂಥ ಬಿಳಿ ಬೂಟು.

ಅಧ್ಯಕ್ಷೆ ಮೈಕು ಕೆಂಟ್‌ಗೆ ಕೊಟ್ಟಳು. ಕೆಂಟ್ ನಗುತ್ತಾ ವಾಪಸ್ ಕೊಟ್ಟ. "ಛೆ ಛೆ, ನೀವೇ ಹೇಳಬೇಕು." "ಇಲ್ಲ ಇಲ್ಲ, ನಿಮ್ಮ ಶ್ರಮ." ಮೈಕು ನಾಲ್ಕು ಸಲ ಆ ಕೈಯಿಂದ ಈ ಕೈಗೆ ಓಡಾಡಿ, ಕೊನೆಗೆ ದಿಕ್ಕು ತೋಚದ ಕೆಂಟ್ ಅದನ್ನು ಹಿಂದೆ ನಿಂತಿದ್ದ ಲ್ಯಾವರ್ನನ ಕೈಗೆ ಕೊಟ್ಟು, "ಇದನ್ನ ಸ್ವಲ್ಪ ಹಿಡ್ಕೋ" ಎಂದ.

ಅಷ್ಟರಲ್ಲಿ ಪ್ರೆಸ್ಕಾಟ್ ದೀಪದ ಕಂಬ ನಿಲ್ಲಿಸಲು ಮಣ್ಣು ಎಷ್ಟು ಗಟ್ಟಿ ನೋಡೋಣವೆಂದು, ಸರಳು ಎತ್ತಿ, ಬಿಳಿ ಬೂಟುಗಾಲನ್ನು ಹುಲ್ಲಿನ ಮೇಲಿಟ್ಟ.

"ಏಯ್! ಹುಲ್ಲಿನಿಂದ ಕಾಲು ತೆಗಿ!"

ಆ ದನಿ ಹದಿನಾರು ಧ್ವನಿವರ್ಧಕಗಳಲ್ಲಿ ಮೊಳಗಿತು. ಪಾರಿವಾಳಗಳು ಎದ್ದವು. ನಾಲ್ಕು ಸಾವಿರ ಜನ, ಬೇಲಿಯಾಚೆ ಇದ್ದವರೂ ಸೇರಿ, ಒಂದು ಹೆಜ್ಜೆ ಹಿಂದೆ ಸರಿದರು. ಅಧ್ಯಕ್ಷೆ ಕೆಂಟ್‌ನ ಕಾಲು ತುಳಿದಳು. ಪ್ರೆಸ್ಕಾಟ್ ಬೆಚ್ಚಿ ಹಿಂದಕ್ಕೆ ಜಿಗಿದು ಚರಂಡಿಯ ಕೆಸರಿನಲ್ಲಿ ಕಣಕಾಲಿನವರೆಗೆ ಇಳಿದ.

ಕೂಗಿದವನು ತಾನೇ ಎಂದು ತಿಳಿಯಲು ಲ್ಯಾವರ್ನನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೇಗೂ ಕೂಗಿದ್ದಾಯಿತು, ಮೈಕೂ ಕೈಯಲ್ಲಿದೆ.

"ಕೇಳಿ," ಎಂದ. "ನಾವು ಎಲ್ಲಿಗೂ ಹೋಗ್ತಿಲ್ಲ. ತೆನೆ ಬಳಿಯೋ ಹಾಳೆ ಕಳೆದುಹೋಯ್ತು. ಚರ್ಚಿನ ಮಾರಾಟದಲ್ಲಿ ಹೋಯ್ತು. ಹೇಳೋಕೆ ನಾಚಿಕೆ ಆಯ್ತು, ಅದಕ್ಕೆ ಹೇಳೋ ಹಾಗಿಲ್ಲ ಅಂದೆ. ಅಷ್ಟೇ ಇರೋದು."

ಜನ ನಕ್ಕರು. "ಕಲ್ಲು ಕಣ್ರೋ ಇವನು, ಕಲ್ಲು!" ಎಂದು ಡುವೇನ್ ಚಪ್ಪಾಳೆ ತಟ್ಟಿದ. "ಸಾವಿರ ಜನ ಹಿಂಡಿದ್ರೂ ಗುಟ್ಟು ಬಿಡ್ತಿಲ್ಲ!"

ಆಗ ಏಳನೆಯ ಸಾಲಿನಲ್ಲಿ ಆರ್ಡಿಸ್ ಎದ್ದು ನಿಂತಳು. ಅವಳಿಗೆ ಮೈಕು ಬೇಕಿರಲಿಲ್ಲ.

"ಡುವೇನ್ ಪ್ಲಾಟ್ನರ್, ಮುಚ್ಚು ಬಾಯಿ! ಮಾರಿದ್ದು ನಾನು! ನಾಲ್ಕು ಡಾಲರಿಗೆ! ರಸೀದಿ ಬೇಕೇನು?"

ನಗು ನಿಂತಿತು. ಹೋಲ್ಡನ್ ಫೋರ್ಕಿನಲ್ಲಿ ರಾಜ್ಯಪಾಲರ ಮಾತನ್ನು ಅನುಮಾನಿಸಬಹುದು, ಹವಾಮಾನ ವರದಿಯನ್ನು ಅನುಮಾನಿಸಬಹುದು. ಲುಥರನ್ ಚರ್ಚಿನ ಖಜಾಂಚಿಯ ಮಾತನ್ನು ಅನುಮಾನಿಸಿದವರು ಯಾರೂ ಇಲ್ಲ. ಅಧ್ಯಕ್ಷೆ ಮೆಲ್ಲಗೆ ಕೆಂಟ್‌ನ ಕಡೆ ತಿರುಗಿದಳು.

"ಹಾಗಾದ್ರೆ ನೀವು ಮಾತಾಡಿರಲಿಲ್ವಾ?"

"ನೀವು?"

ಕೆಸರಿನಿಂದ ಒಂದು ಕಾಲು ಕಿತ್ತುಕೊಳ್ಳುತ್ತಿದ್ದ ಪ್ರೆಸ್ಕಾಟ್ ಕೇಳಿದ, "ಮತ್ತೆ ನಮ್ಮನ್ನ ಕರೆದವರು ಯಾರು?"

ಬೇಲಿಯಾಚೆ ಸೇಂಟ್ ವೆನ್ಸೆಸ್ಲಾಸಿನ ಆ ಮುದುಕ "ಹೋಗಲ್ವಂತೆ! ದರಿದ್ರದವರು ಹೋಗಲ್ವಂತೆ ಕಣ್ರೋ!" ಎಂದು ಟೋಪಿ ಮೇಲಕ್ಕೆಸೆದ. ಮೂರು ಬಸ್ಸಿನವರೂ ಎಸೆದರು. ಆಮೇಲೆ ಈ ಕಡೆಯವರೂ ಎಸೆದರು. ಇಪ್ಪತ್ತು ಲಕ್ಷ ಡಾಲರ್ ಕೈತಪ್ಪಿದ ಊರು ಅಷ್ಟು ಸಂತೋಷಪಟ್ಟದ್ದನ್ನು ಪ್ರೆಸ್ಕಾಟ್ ತನ್ನ ವೃತ್ತಿಯಲ್ಲಿ ಕಂಡಿರಲಿಲ್ಲ.

ಥೆಲ್ಮಾ ಕ್ರಾಟ್ಕಿ ಇಂಥ ಗಳಿಗೆಗಾಗಿ ಆರು ವರ್ಷ ಕಾದಿದ್ದಳು. ಟಿವಿ ಕಂಪನಿಗೆ ಅವಳು ಬರೆದ ಹನ್ನೊಂದು ಪತ್ರಗಳಿಗೆ ಉತ್ತರ ಬಂದಿರಲಿಲ್ಲ. ಈಗ ಕಂಪನಿಯೇ ಎದುರಿಗೆ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ಅವಳು ಕೈ ಚಾಚಿದಳು, ಆದರೆ ತಕ್ಷಣ ಎಳೆಯಲಿಲ್ಲ.

"ನೋಡಪ್ಪ, ಇವತ್ತು ಕೆಲಸದ ದಿನ. ಆಟ ಇಲ್ಲ. ನಾಲ್ಕು ಜನ ಹುಲ್ಲಿನ ಪಕ್ಕ ನಿಂತಿದ್ದನ್ನ ನೋಡೋಕೆ ನಾಲ್ಕು ಸಾವಿರ ಜನ ಬಂದಿದ್ದಾರೆ. ಶನಿವಾರ ಹಗಲು ಹೊತ್ತು ಆಟ ಇಟ್ರೆ ಎಷ್ಟು ಜನ ಮನೆಯಲ್ಲಿ ಕೂತು ನೋಡ್ತಾರೆ, ನೀನೇ ಯೋಚನೆ ಮಾಡು."

"ಸಣ್ಣ ಊರು, ಅಮ್ಮ. ಸಣ್ಣ ಮಾರುಕಟ್ಟೆ."

"ಎಂಟು ಸಣ್ಣ ಊರು. ಒಂದೊಂದರಲ್ಲೂ ಇಂಥ ಹುಚ್ಚರು."

ಪ್ರೆಸ್ಕಾಟ್ ಫೋನು ನೋಡಿದ. ಡುವೇನ್ ಎಲ್ಲವನ್ನೂ ನೇರವಾಗಿ ಜಾಲತಾಣಕ್ಕೆ ಹಾಕುತ್ತಿದ್ದ. "ಹುಲ್ಲಿನಿಂದ ಕಾಲು ತೆಗಿ" ಎಂಬುದನ್ನು ಅಷ್ಟರಲ್ಲೇ ಎರಡು ಲಕ್ಷ ಜನ ನೋಡಿದ್ದರು. ಪ್ರೆಸ್ಕಾಟ್ ಒಂದು ಸಲ ಫೋನು ನೋಡಿದ, ಒಂದು ಸಲ ಬೂಟು ನೋಡಿದ, ಆಮೇಲೆ ಥೆಲ್ಮಾಳ ಕೈ ಹಿಡಿದುಕೊಂಡ.

ಎರಡು ವಾರದ ಮಾತುಕತೆಯ ಬಳಿಕ ಪ್ರೇರಿ ಕೂಟಕ್ಕೆ ವಾರಕ್ಕೊಂದು ಆಟದ ಒಪ್ಪಂದ ಸಿಕ್ಕಿತು. ದುಡ್ಡು ಗ್ರ್ಯಾಂಡ್ ಕೂಟದವರು ಪೆನ್ನಿಗೂ ಕಾಗದಕ್ಕೂ ಖರ್ಚು ಮಾಡುವಷ್ಟು. ಎಂಟು ಪಾಲು ಮಾಡಿದರೂ ಪ್ರತಿ ಕಾಲೇಜಿಗೆ ಹೊಸ ಬಸ್ಸೊಂದು ಬಂತು. ಕೂಟ ಉಳಿಯಿತು, ಥೆಲ್ಮಾ ಎರಡನೆಯ ಕೋಣೆ ಬಾಡಿಗೆಗೆ ಹಿಡಿದಳು. ಒಪ್ಪಂದಕ್ಕೆ ಟಿವಿಯವರೇ ಒಂದು ಷರತ್ತು ಸೇರಿಸಿದರು: ಹೋಲ್ಡನ್ ಫೋರ್ಕಿನ ಮೈದಾನ ನಿಜವಾದ ಹುಲ್ಲಿನದೇ ಆಗಿರಬೇಕು, ಮತ್ತು ಆ ಮನುಷ್ಯ ಅಲ್ಲೇ ಇರಬೇಕು. ಕೆಂಟ್ ಪ್ಲಾಸ್ಟಿಕ್ಕಿನ ಮಾತೆತ್ತಿದವನೇ ಅಲ್ಲವೆಂಬಂತೆ, "ನಾನು ಮೊದಲಿನಿಂದಲೂ ಹುಲ್ಲಿನ ಪರ" ಎಂದು ಪತ್ರಿಕೆಗೆ ಹೇಳಿದ. ಲ್ಯಾವರ್ನ್ ಗೂಟ ನೆಟ್ಟು ದಾರ ಕಟ್ಟಿ ತೆನೆಗಳನ್ನು ಕೈಯಲ್ಲೇ ಬಳಿದ. ಅವು ಕೊಂಚ ದಪ್ಪಗಾದವು.

ಅಕ್ಟೋಬರಿನ ಮೊದಲ ಶನಿವಾರ ಸೇಂಟ್ ವೆನ್ಸೆಸ್ಲಾಸ್ ಜೊತೆಗಿನ ಆಟ ಟಿವಿಗೆ ಬಂತು. ಹನ್ನೊಂದು ಗಂಟೆಗೆ ಶುರುವೆಂದು ಕಂಪನಿಯ ಆಜ್ಞೆ. ಹತ್ತೂ ಐವತ್ತಕ್ಕೆ ಎರಡು ತಂಡಗಳೂ ಅಂಚಿನಲ್ಲಿ ಸಾಲುಗಟ್ಟಿದವು, ಕ್ಯಾಮೆರಾಗಳ ಕೆಂಪು ದೀಪಗಳು ಹತ್ತಿದವು. ಲ್ಯಾವರ್ನ್ ಒಬ್ಬನೇ ನಡುಮೈದಾನಕ್ಕೆ ನಡೆದು ಹೋಗಿ, ಮಂಡಿಯೂರಿ, ಅಂಗೈ ಹಿಂಭಾಗದಿಂದ ಹುಲ್ಲು ಮುಟ್ಟಿ ನೋಡಿದ.

"ಇಬ್ಬನಿ ಇನ್ನೂ ಆರಿಲ್ಲ," ಎಂದ ಎದ್ದು. "ಈಗ ಓಡಿದ್ರೆ ಹುಡುಗರು ಜಾರ್ತಾರೆ, ಬೇರು ಕಿತ್ತು ಬರುತ್ತೆ."

"ಎಷ್ಟು ಹೊತ್ತು?" ಎಂದ ಪ್ರೆಸ್ಕಾಟ್, ಎರಡು ಫೋನು ಎರಡು ಕಿವಿಗೆ ಹಿಡಿದು. "ಹನ್ನೊಂದು ಅಂದ್ರೆ ಹನ್ನೊಂದು ಕಣಯ್ಯಾ! ದೇಶದಲ್ಲಿ ಒಂದೇ ಒಂದು ಕಾಲೇಜೂ ಇವತ್ತಿನ ತನಕ ನಮಗೆ ಟೈಮ್ ಹೇಳಿಲ್ಲ!"

"ಬಿಸಿಲಿಗೆ ಹೇಳಿ ನೋಡು."

ಪ್ರೆಸ್ಕಾಟ್ ಆಕಾಶ ನೋಡಿದ, ನ್ಯೂಯಾರ್ಕಿನವರಿಗೆ ಏನೋ ಗೊಣಗಿದ, ಫೋನುಗಳೆರಡನ್ನೂ ಜೇಬಿಗಿಳಿಸಿದ. ಕ್ಯಾಮೆರಾದವರು ಬಕೆಟ್ಟು ಬೋರಲು ಹಾಕಿಕೊಂಡು ಕೂತರು. ಎದುರಾಳಿ ಹುಡುಗರೂ ಈ ಹುಡುಗರೂ ಬೆರೆತು ನಿಂತು ಮಾತಿಗಿಳಿದರು. ಐದು ರಾಜ್ಯಗಳ ಮನೆಮನೆಗಳಲ್ಲಿ ಹದಿನೇಳು ನಿಮಿಷ ಹುಲ್ಲು ಒಣಗುವುದನ್ನೇ ತೋರಿಸಿದರು. ಯಾರೂ ಚಾನೆಲ್ ಬದಲಾಯಿಸಲಿಲ್ಲವಂತೆ.